ಸುಟ್ಟ ಪಿಸ್ಟನ್ನು ಮತ್ತು ನನ್ನ ಕಿವಿ

ಮರ ಕೊಯ್ಯುವ ಪೆಟ್ರೋಲ್ ಮಷೀನಿನ ಸೈಲೆನ್ಸರಿಗೆ ಕೈ ಹಚ್ಚಬೇಡ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಕೇಳುತ್ತಿದ್ದೆನೆಂದು ಅನಿಸುವುದಿಲ್ಲ. ಆ ದಿನಗಳಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಒಂದೇ ವಿಚಾರ. ಕಾಕಾನ ಕೈಗೆ ಮತ್ತೆ ಕೊಡಲಿ ಬರಬಾರದು.

ಕಾಕಾ ನನ್ನ ಸಂಬಂಧಿಕರಲ್ಲ, ನನ್ನ ಜೋಡಿ ಗಿಡ ಕೊಯ್ಯುವವರು, ನನಗಿಂತ ಹದಿನೈದು ವರ್ಷ ದೊಡ್ಡವರು. ಕಿತ್ತೂರಿನಿಂದ ರಾಮದುರ್ಗದ ತನಕ ಯಾರ ಹೊಲದಲ್ಲಿ ಗಿಡ ಬಿದ್ದರೂ, ಯಾರ ಮನೆಯ ಮೇಲೆ ಟೊಂಗೆ ಬಾಗಿದರೂ ನಮ್ಮಿಬ್ಬರನ್ನು ಕರೆಯುತ್ತಾರೆ. ಹುಡುಗತನದಿಂದ ಕೊಡಲಿ ಬೀಸಿ ಬೀಸಿ ಅವರ ಬಲಭುಜ ಕೆಟ್ಟುಹೋಗಿತ್ತು. ಇನ್ನೂ ಬೀಸಿದರೆ ಈ ಕೈಯಿಂದ ತುತ್ತು ಎತ್ತುವುದೂ ಆಗಲಿಕ್ಕಿಲ್ಲ ಎಂದು ಬೈಲಹೊಂಗಲದ ಡಾಕ್ಟರರು ಕಡ್ಡಿ ತುಂಡು ಮಾಡಿದಂತೆ ಹೇಳಿದ್ದರು. ಅದಕ್ಕೇ ಇಬ್ಬರೂ ಸೇರಿ ಮಷೀನು ತಂದದ್ದು. ಕೊಯ್ಯುವುದು ನಾನು, ಹಗ್ಗ ಕಟ್ಟುವುದು, ಚೈನು ಮಸೆಯುವುದು, ಪೆಟ್ರೋಲಿಗೆ ಆಯಿಲ್ ಕಲಸಿ ಹಾಕುವುದು ಅವರು.

ನಾನು ಪುರೋಹಿತರ ಮನೆಯವನು. ಹದಿನೈದರ ತನಕ ಅಪ್ಪನ ಎದುರು ಕುಳಿತು ವೇದಪಾಠ ಹೇಳಿಸಿಕೊಂಡೆ. ಒಂದು ಸ್ವರ ಕೂದಲೆಳೆಯಷ್ಟು ಆಚೆಈಚೆ ಆದರೂ ಅಪ್ಪ ಕಣ್ಣು ತೆರೆಯದೆ ಕೈ ಎತ್ತುತ್ತಿದ್ದರು, ಮತ್ತೆ ಮೊದಲಿನಿಂದ. ಮಂತ್ರಗಳು ಅರ್ಧಕ್ಕರ್ಧ ಮರೆತುಹೋಗಿವೆ, ಪಂಚೆ ಬಿಟ್ಟು ಪ್ಯಾಂಟು ಬಂತು. ಉಳಿದದ್ದು ಕಿವಿಯೊಂದೇ, ಮತ್ತು ಆ ಕಿವಿಯ ಬಗ್ಗೆ ಬೇಕಾದಷ್ಟು ಜಂಬ.

ಈ ಸೀಮೆಯ ಕಷ್ಟವೆಂದರೆ ಜಾಲಿಗಿಡ. ಬೇವು, ಹುಣಸೆ ಹೇಗೋ ನಡೆದೀತು. ಹಳೆಯ ಜಾಲಿಯ ಬೊಡ್ಡೆಗೆ ಚೈನು ಇಳಿದರೆ ನಮ್ಮ ಮಷೀನು ಉಸಿರು ಕಟ್ಟಿ ನಿಂತುಬಿಡುತ್ತಿತ್ತು. ನಾನು ಹಗ್ಗ ಎಳೆದು ಮತ್ತೆ ಚಾಲೂ ಮಾಡುವಷ್ಟರಲ್ಲಿ ಕಾಕಾ ಅಲ್ಲೇ ಯಾರದೋ ಕೊಡಲಿ ಹುಡುಕಿರುತ್ತಿದ್ದರು. "ಎರಡ ಏಟ ಹಾಕಿಬಿಡತೇನ್ರಿ ಆಚಾರ್ರ, ಸುಮ್ನ ಯಾಕ ತಡಾ," ಎನ್ನುವುದು, ನಾನು ರೇಗುವುದು, ಅವರು ನಗುವುದು. ತೊರಗಲ್ಲಿನ ಕೋಟೆಯ ಕೆಳಗೆ ಒಂದು ಹೊಲದಲ್ಲಿ ಹೀಗೆಯೇ ಎರಡು ಏಟು ಇಪ್ಪತ್ತಾದವು. ಆ ಮಧ್ಯಾಹ್ನ ಅವರು ಎಡಗೈಯಲ್ಲಿ ರೊಟ್ಟಿ ಮುರಿಯಲು ಒದ್ದಾಡುವುದನ್ನು ನೋಡಿದೆ. ಮಷೀನಿನ ಮೇಲೆ ಬಂದ ಸಿಟ್ಟಿಗೆ ಅದನ್ನು ಬಾವಿಗೆ ಎಸೆಯಬೇಕೆನಿಸಿತು.

ಫೋನಿನಲ್ಲಿ ಒಂದು ವಿಡಿಯೋ ಸಿಕ್ಕಿತು. ಸೈಲೆನ್ಸರಿನ ಬಾಯಿ ಸಣ್ಣದಿರುವುದರಿಂದ ಇಂಜಿನ್ನಿನ ಹೊಗೆ ಸಲೀಸಾಗಿ ಹೊರಗೆ ಬರುವುದಿಲ್ಲ, ಅದನ್ನು ಅಗಲ ಮಾಡಿದರೆ ಶಕ್ತಿ ಹೆಚ್ಚುತ್ತದೆ ಎಂದು ಅದರಲ್ಲಿ ಒಬ್ಬಾತ ನಗುನಗುತ್ತ ಹೇಳುತ್ತಿದ್ದ. ಮರುದಿನವೇ ಸವದತ್ತಿಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಕುಳಿತು ಸೈಲೆನ್ಸರಿನ ಡಬ್ಬಿ ಬಿಚ್ಚಿಸಿದೆ. ಒಳಗೆ ಮಸಿ ಹಿಡಿದ ಜಾಳಿಗೆ ಒಂದು, ಅಡ್ಡ ತಗಡು ಒಂದು. ಜಾಳಿಗೆ ಎಸೆದು, ತಗಡು ಕತ್ತರಿಸಿ, ಬಾಯಿಯನ್ನು ಹೆಬ್ಬೆರಳು ಹೋಗುವಷ್ಟು ಮಾಡಿಸಿದೆ. "ಗಾಡಿಗೋಳಿಗೆ ಮಾಡಿ ಕೊಟ್ಟೇನ್ರಿ, ಇದಕ್ಕ ಮಾಡಿಸಿದವರು ನೀವ ಮೊದಲಿಗ್ರು," ಎಂದ ವೆಲ್ಡಿಂಗಿನವನು. ನಾನು ಉಬ್ಬಿದೆ.

ಹೊಗೆ ಸಲೀಸಾದ ಮೇಲೆ ಇಂಜಿನ್ನಿಗೆ ಪೆಟ್ರೋಲೂ ಹೆಚ್ಚು ಬೇಕು, ಕಾರ್ಬೊರೇಟರಿನ ಸ್ಕ್ರೂ ಸ್ವಲ್ಪ ಸಡಿಲಿಸಿ ಎಂದೂ ವಿಡಿಯೋದವನು ಹೇಳಿದ್ದ. ಸಡಿಲಿಸಿದೆ. ಪೂರ್ತಿ ರೇಸ್ ಕೊಟ್ಟರೆ ಮಷೀನು ಬಡಬಡ ಬಡಬಡ ಎಂದು ತೊದಲತೊಡಗಿತು. ಆ ಸದ್ದು ನನಗೆ ಹಲ್ಲಿನ ಸಂದಿಯಲ್ಲಿ ಮರಳು ಸಿಕ್ಕಂತೆ ಆಯಿತು. ಇಂಥ ಕೆಟ್ಟ ಸ್ವರವನ್ನು ನಾನು ಬಿಟ್ಟೇನೆ? ಕಣ್ಣು ಮುಚ್ಚಿ, ಸ್ಕ್ರೂವನ್ನು ಎಳ್ಳಷ್ಟು ಎಳ್ಳಷ್ಟು ಬಿಗಿಯುತ್ತ ಹೋದೆ. ತೊದಲು ನಿಂತಿತು. ಒಂದೇ ಎಳೆಯ, ಏರುದನಿಯ, ಎಲ್ಲೂ ಒಡೆಯದ ನಾದ ಬಂತು. ಅಪ್ಪ ಇದ್ದಿದ್ದರೆ ಕೈ ಎತ್ತುತ್ತಿರಲಿಲ್ಲ.

"ಈಗ ಸ್ವರಾ ಬರೋಬರಿ ಆತು ನೋಡ್ರಿ ಕಾಕಾ," ಎಂದೆ. ಅವರು ಹೌದೆನ್ನುವಂತೆ ತಲೆ ಅಲ್ಲಾಡಿಸಿದರು.

ಎರಡು ದಿನ ಚಚಡಿಯ ಹತ್ತಿರ ಕೆಲಸ. ಜಾಲಿಯ ಬೊಡ್ಡೆಯೊಳಗೆ ಚೈನು ಬೆಣ್ಣೆಗೆ ಇಳಿದಂತೆ ಇಳಿಯಿತು. ಕಿವಿ ಗುಂಯ್‌ಗುಡುವಷ್ಟು ಸದ್ದು. ಜನ ರಸ್ತೆಯಿಂದ ಇಳಿದು ಬಂದು ನೋಡಿದರು. ಕಾಕಾ ಕೊಡಲಿ ಕೇಳಲಿಲ್ಲ, ಬದುವಿನ ಮೇಲೆ ಕುಳಿತು ಅಡಿಕೆ ಜಗಿದರು. ಆ ಎರಡು ದಿನ ನಾನು ಬಹಳ ಸಂತೋಷದಲ್ಲಿದ್ದೆ, ಸುಳ್ಳೇಕೆ ಹೇಳಲಿ.

ಮೂರನೆಯ ದಿನ ಮನೋಳಿಯಲ್ಲಿ ಕಬ್ಬಿನ ಹೊಲದ ದಾರಿಗೆ ಅಡ್ಡಲಾಗಿ ದೊಡ್ಡ ಜಾಲಿಯೊಂದು ಉರುಳಿತ್ತು. ಕಡಿದ ಕಬ್ಬು ಹೇರಿಕೊಂಡು ಟ್ರ್ಯಾಕ್ಟರ್ ಒಳಗೆ ನಿಂತಿದೆ, ಹೊರಗೆ ಬರುವ ಹಾಗಿಲ್ಲ. ಅರ್ಧ ಬೊಡ್ಡೆ ಕೊಯ್ದಿದ್ದೆ. ಸ್ವರ ಇನ್ನಷ್ಟು ಮೇಲಕ್ಕೆ ಏರಿತು. ನಾನು ಮೂರ್ಖ, ಇಂಜಿನ್ನು ಹದಕ್ಕೆ ಬಂತು ಎಂದುಕೊಂಡೆ. ಮರುಕ್ಷಣ ಗಕ್ಕನೆ ನಿಂತಿತು. ಹಗ್ಗ ಎಳೆದರೆ ಅಲ್ಲಾಡಲಿಲ್ಲ. ಕೈಯಿಂದ, ಕಾಲು ಒತ್ತಿ, ಬೈದು, ಎಲ್ಲ ರೀತಿಯಲ್ಲೂ ಎಳೆದೆ. ಟ್ರ್ಯಾಕ್ಟರಿನವನು ಬೀಡಿ ಹಚ್ಚಿಕೊಂಡು, "ಇಷ್ಟ ಜೋರ ಒದರತಿತ್ತು, ಇಷ್ಟ ಲಗೂ ಮಲಗಿತಲ್ರಿ," ಎಂದ. ಅವನಿಗೆ ಏನಾದರೂ ಅಂದುಬಿಟ್ಟೇನೆಂದು ಹೆದರಿ, ಕಾಕಾನನ್ನು ಅಲ್ಲೇ ಬಿಟ್ಟು, ಮಷೀನನ್ನು ಬೈಕಿಗೆ ಕಟ್ಟಿಕೊಂಡು ಬೈಲಹೊಂಗಲಕ್ಕೆ ಹೊರಟೆ.

ಮೆಕ್ಯಾನಿಕ್ ಪಿಸ್ಟನ್ ತೆಗೆದು ನನ್ನ ಅಂಗೈ ಮೇಲೆ ಇಟ್ಟ. ಸೈಲೆನ್ಸರ್ ಕಡೆಯ ಮೈಯೆಲ್ಲ ಉಗುರಿನಿಂದ ಗೀರಿದಂತೆ ಹರಿದಿತ್ತು.

"ಸ್ಕ್ರೂ ಯಾರ್ರೀ ಬಿಗದವರು?"

"ನಾನಽ. ಭಾಳ ಬಡಬಡ ಅನ್ನಲಿಕ್ಕೆ ಹತ್ತಿತ್ತು."

ಆತ ನನ್ನ ಮುಖ ನೋಡಿದ. "ಅದು ಹಂಗ ಅನಬೇಕ್ರಿ. ಖಾಲಿ ರೇಸ್ ಕೊಟ್ಟಾಗ ಬಡಬಡ ಅಂದ್ರ ಹೊಟ್ಟಿ ತುಂಬ ಪೆಟ್ರೋಲ್ ಸಿಗಾಕತ್ತೈತಿ ಅಂತ ಅರ್ಥ. ಆಯಿಲ್ ಬರೂದೂ ಅದರ ಜೋಡಿನ. ಕಟ್ಟಿಗ್ಯಾಗ ಇಳದಾಗ ಸದ್ದು ತಾನ ಸಾಪ್ ಆಗತೈತಿ. ನೀವು ಉಪವಾಸ ಕೆಡವಿ ದುಡಿಸೀರಿ."

ಸಾಮಾನು ಬೆಳಗಾವಿಯಿಂದ ಬರಬೇಕು, ಎಂಟು ದಿನ ಎಂದ. ವಾಪಸು ಬರುವಾಗ ದಾರಿಯುದ್ದಕ್ಕೂ ಎಲ್ಲರನ್ನೂ ಬೈದೆ. ವಿಡಿಯೋದವನನ್ನು, ವೆಲ್ಡಿಂಗಿನವನನ್ನು, ಜಾಲಿಗಿಡವನ್ನು, ಕೊನೆಗೆ ಕಣ್ಣು ಮುಚ್ಚಿ ಕೂರುತ್ತಿದ್ದ ಅಪ್ಪನನ್ನು ಕೂಡ. ಯಾರನ್ನು ಬೈದರೂ ಸಮಾಧಾನವಾಗಲಿಲ್ಲ.

ಮನೋಳಿ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ದೂರದಿಂದಲೇ ಕೊಡಲಿಯ ಏಟು ಕೇಳಿಸಿತು. ಕಾಕಾ ಅಂಗಿ ಕಳಚಿ, ಬಲಗೈಯನ್ನು ಎಡಗೈಯಿಂದ ಮೇಲಕ್ಕೆ ದೂಡುತ್ತ, ಒಂದೊಂದೇ ಏಟು ಹಾಕುತ್ತಿದ್ದರು. ಟ್ರ್ಯಾಕ್ಟರಿನವನು ಬೊಡ್ಡೆಯ ಮೇಲೆ ಕುಳಿತಿದ್ದ. ನಾನು ಓಡಿಹೋಗಿ ಕೊಡಲಿ ಕಸಿದುಕೊಂಡೆ.

"ತಪ್ಪು ನಂದು ಕಾಕಾ. ಮಷೀನು ಸುಟ್ಟವನು ನಾನಽ," ಎಂದು ಸ್ಕ್ರೂವಿನ ಕಥೆಯನ್ನೆಲ್ಲ ಹೇಳಿದೆ.

ಅವರು ಭುಜ ಒತ್ತಿಕೊಳ್ಳುತ್ತ ಕೇಳಿದರು. "ನನಗೂ ಅನಸಿತ್ರಿ," ಎಂದರು. "ಮಷೀನು ಎರಡ ದಿನದಿಂದ ಕೆಂಡ ಆಗಾಕತ್ತಿತ್ತು. ಪೆಟ್ರೋಲೂ ಕಡಿಮಿ ಕುಡ್ಯಾಕತ್ತಿತ್ತು. ಹಾಕಾಂವ ನಾನ ಅಲ್ರೀ, ಗೊತ್ತಾಗತಿತ್ತು."

"ಮತ್ತ ಯಾಕ ಹೇಳಲಿಲ್ರಿ?"

"ಸ್ವರಾ ಬರೋಬರಿ ಆತು ಅಂದ್ರಿ ನೀವು. ವೇದಾ ಓದಿದ ಮನಿತನದ ಕಿವಿ. ನಾ ಹೆಂಗ ಅಲ್ಲ ಅನ್ಲಿ?"

ಚುಚ್ಚುವುದಕ್ಕೆ ಹೇಳಿದ ಮಾತಾಗಿರಲಿಲ್ಲ. ಹಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಐದು ವರ್ಷ ಒಂದೇ ಡಬ್ಬಿಯಲ್ಲಿ ಉಂಡು, ಒಂದೇ ಕಪ್ಪಿನ ಚಹಾ ಹಂಚಿಕೊಂಡು, ನಮ್ಮಿಬ್ಬರ ನಡುವೆ ಮೇಲುಕೀಳು ಏನೂ ಉಳಿದಿಲ್ಲ ಎಂದು ನಾನು ನನ್ನಷ್ಟಕ್ಕೇ ನಂಬಿಕೊಂಡಿದ್ದೆ. ನಿಮಗೇನು ಅನಿಸುತ್ತದೆ ಎಂದು ಅವರನ್ನು ಒಂದು ಸಲವೂ ಕೇಳಿರಲಿಲ್ಲ. ಪಿಸ್ಟನ್ನಿಗಿಂತ ಹೆಚ್ಚು ಅದು ನನ್ನನ್ನು ಸುಟ್ಟಿತು.

ಅವರು ಕೊಡಲಿಗಾಗಿ ಕೈ ಚಾಚಿದರು. ಕೊಡಲಿಲ್ಲ. ನಾನೇ ಬೀಸಿದೆ. ಮೊದಲ ಏಟು ಜಾರಿ ಮಣ್ಣಿಗೆ ಬಿತ್ತು, ಎರಡನೆಯದು ಪುಟಿದು ಮೊಣಕೈ ತನಕ ಜುಂ ಎಂದಿತು. ಟ್ರ್ಯಾಕ್ಟರಿನವನು ನಗು ಮುಚ್ಚಿಕೊಂಡ.

"ಇಲ್ಲೇ ಹಾಕ್ಲ್ಯಾ ಕಾಕಾ?" ಎಂದು ಕೇಳಿದೆ.

ಅವರು ಬೊಡ್ಡೆ ನೋಡಿದರು, ನನ್ನ ಕೈ ನೋಡಿದರು. ನಾನು ಕೊಡಲಿ ಎತ್ತಿ ಹಿಡಿದು ಕಾಯುತ್ತ ನಿಂತೆ.

"ಅಲ್ರಿ," ಎಂದರು ಕೊನೆಗೆ, ಬಹಳ ಮೆಲ್ಲಗೆ. "ಅಲ್ಲೆ ಅಲ್ಲ."