ನಡುವಿನ ರಸೀದಿ

ಬಿಸಿ ಪ್ಲಾಸ್ಟಿಕ್ಕಿನ ವಾಸನೆಗೆ ಯಾರಾದರೂ ಮೈಮರೆಯುತ್ತಾರೆಯೇ? ನಾನು ಮರೆಯುತ್ತೇನೆ, ನಗಬೇಡಿ. ಇವತ್ತು ಮಧ್ಯಾಹ್ನ ಬೀದರಿನ ಕೋರ್ಟಿನ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಸರದಿಗೆ ನಿಂತಿದ್ದೆ. ರಕ್ತ ತಪಾಸಣೆಯ ಲ್ಯಾಬೊಂದರಲ್ಲಿ ಹೊಸ ಕೆಲಸ ಸಿಕ್ಕಿದೆ, ಅಂಕಪಟ್ಟಿಗಳ ನಕಲು ಕೇಳಿದ್ದಾರೆ. ಮೂಲೆಯಲ್ಲಿ ಲ್ಯಾಮಿನೇಷನ್ ಯಂತ್ರ ಯಾರದೋ ಕಾರ್ಡನ್ನು ನಿಧಾನವಾಗಿ ನುಂಗಿ ಇನ್ನೊಂದು ಬದಿಯಿಂದ ಹೊರಗೆ ಬಿಡುತ್ತಿತ್ತು. ಆ ವಾಸನೆ ಮೂಗಿಗೆ ಬಂದದ್ದೇ ತಡ, ನನ್ನ ಮುಂದೆ ಎಷ್ಟು ಜನ ಇದ್ದಾರೆ, ಹಿಂದೆ ಎಷ್ಟು ಜನ ಇದ್ದಾರೆ ಎಂಬುದೆಲ್ಲ ಮಸುಕಾಯಿತು. ಹಿಂದಿದ್ದವರೊಬ್ಬರು ನನ್ನನ್ನು ದಾಟಿ ಮುಂದೆ ಹೋದರು, ಹೋಗಲಿ ಎಂದು ಬಿಟ್ಟೆ.

ನಮ್ಮ ಕಡೆ ಲ್ಯಾಮಿನೇಷನ್ ಮಾಡಿಸದ ಕಾಗದವನ್ನು ಕಾಗದವೆಂದೇ ಯಾರೂ ಎಣಿಸುವುದಿಲ್ಲ. ರೇಷನ್ ಕಾರ್ಡು, ಜಾತಿ ಪ್ರಮಾಣಪತ್ರ, ತೀರಿಹೋದ ಅಜ್ಜನ ಏಕೈಕ ಫೋಟೋ, ಎಲ್ಲವೂ ಪ್ಲಾಸ್ಟಿಕ್ಕಿನೊಳಗೆ. ನಮ್ಮ ಅವ್ವನಂತೂ ಈ ವಿಷಯದಲ್ಲಿ ಎಲ್ಲರಿಗಿಂತ ಒಂದು ಕೈ ಹೆಚ್ಚು. ನಾನು ಕೂಸಾಗಿದ್ದಾಗ ಲಸಿಕೆಯ ಚೀಟಿಗೂ ಮಾಡಿಸಿಬಿಟ್ಟಿದ್ದಳಂತೆ. ಮುಂದಿನ ಲಸಿಕೆ ಎಲ್ಲಿ ಬರೆಯಲಿ ಎಂದು ನರ್ಸಮ್ಮ ಚೆನ್ನಾಗಿ ಬೈದರಂತೆ.

ಅವ್ವನ ತವರು ಭಾಲ್ಕಿ ತಾಲೂಕಿನ ಸಾಯಗಾಂವ. ಅಪ್ಪನ ಊರು ಔರಾದದ ಆಚೆಯ ಡಾಬಕಾ. ಅಲ್ಲಿಂದ ರಾಜ್ಯದ ಗಡಿ ದಾಟಿ ಉದಗೀರದ ದಾಲ್ ಮಿಲ್ಲೊಂದಕ್ಕೆ ಕೆಲಸಕ್ಕೆ ಹೋಗುತ್ತಿದ್ದ. ನನಗೆ ನಾಲ್ಕು ವರ್ಷವಾಗಿದ್ದಾಗ ಇಬ್ಬರೂ ಬೇರೆಯಾದರು. ಯಾಕೆ ಎಂದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ, ಕೇಳುವ ಧೈರ್ಯವೂ ಆಗಿಲ್ಲ. ಅವ್ವ ಭಾಲ್ಕಿಯಲ್ಲಿ ಒಂದು ಕೋಣೆ ಹಿಡಿದು, ಬಾಗಿಲ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು ನನ್ನನ್ನು ಬೆಳೆಸಿದಳು. ನನ್ನ ಪಾಲನೆಗೆಂದು ಕೋರ್ಟು ತಿಂಗಳಿಗಿಷ್ಟು ಎಂದು ಗೊತ್ತು ಮಾಡಿತ್ತು. ಹಾಲು, ಪಾಟಿ-ಪುಸ್ತಕ, ಚಪ್ಪಲಿಗೆ ಸಾಲುತ್ತಿದ್ದ ಆ ಮೊತ್ತ, ಹತ್ತನೆಯ ತರಗತಿ ಮುಗಿಸಿದ ನನಗೆ ಬೀದರಿನಲ್ಲಿ ವಿಜ್ಞಾನದ ಸೀಟು ಸಿಕ್ಕಾಗ ಯಾವ ಮೂಲೆಗೂ ಸಾಲದಾಯಿತು. ಹಾಸ್ಟೆಲ್ಲಿಗೆ ಹಣ ಕಟ್ಟದಿದ್ದರೆ ಸೀಟು ಹೋಗುತ್ತಿತ್ತು. ಅವ್ವ ಒಂದು ವಾರ ಹಗಲು ರಾತ್ರಿ ಯಂತ್ರ ತುಳಿದಳು. ಎಂಟನೆಯ ದಿನ, "ನಡಿ ಬೀದರಿಗಿ. ಹೆಚ್ಚ ಮಾಡ್ರಿ ಅಂತ ಕೇಳಮು" ಎಂದಳು.

ವಕೀಲರನ್ನು ಇಡಲಿಲ್ಲ. ಪುಕ್ಕಟೆ ವಕೀಲರೂ ಸಿಗುತ್ತಾರೆಂದು ಪಕ್ಕದ ಮನೆಯವರು ಹೇಳಿದ್ದರು. "ಅವರ ಮುಂದ ಮತ್ತ ಮೊದಲಿಂದ ಎಲ್ಲಾ ಹೇಳಬೇಕಲ್ಲ ನಾ," ಎಂದು ಅವ್ವ ಬೇಡವೆಂದಳು. ಆಗ ಅದು ನನಗೆ ಹುಚ್ಚು ಹಟವೆನಿಸಿತ್ತು. ಒಂದು ಸಲ ಹೇಳಿ ಮುಗಿಸಿದ ದುಃಖವನ್ನು ಎರಡನೆಯ ಸಲ ಹೇಳುವುದು ಎಷ್ಟು ಕಷ್ಟವೆಂದು ಹದಿನಾರರ ಹುಡುಗಿಗೆ ಏನು ಗೊತ್ತು?

ಬೇವಿನ ಮರದ ಕೆಳಗೆ ಕುಳಿತ ಟೈಪಿಸ್ಟರೊಬ್ಬರು ಅರ್ಜಿ ಬರೆದುಕೊಟ್ಟರು. ಕೊನೆಯಲ್ಲಿ ತಾವಾಗಿಯೇ ಒಂದು ಸಾಲು ಸೇರಿಸಿದರು: ತಿಂಗಳ ಹಣದ ಹೊರತು ತಂದೆಯು ಮಗಳಿಗಾಗಿ ಒಂದು ಪೈಸೆಯನ್ನೂ ಖರ್ಚು ಮಾಡಿರುವುದಿಲ್ಲ. "ಇದ್ ಇರಲೇಬೇಕ್ ಬಾಯಿ, ಎಲ್ಲಾ ಅರ್ಜಿದಾಗ ಇರ್ತದ," ಎಂದರು; ನಮ್ಮ ಕಡೆ ಹೆಂಗಸರನ್ನು ಬಾಯಿ ಎಂದೇ ಕರೆಯುವುದು. ಅವ್ವ ಆ ಸಾಲಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದಳು. ಆಮೇಲೆ, "ಇರ್ಲಿ ಬಿಡ್ರಿ," ಎಂದು ಸಹಿ ಹಾಕಿದಳು.

ಮುಂದಿನ ತಾರೀಖಿಗೆ ಅಪ್ಪನ ವಕೀಲರು ಒಂದು ಉದ್ದನೆಯ ಪಟ್ಟಿ ಕೊಟ್ಟರು. ಶಾಲೆಯ ಶುಲ್ಕದ ರಸೀದಿಗಳು ಬೇಕು, ಔಷಧದ ಬಿಲ್ಲುಗಳು ಬೇಕು, ಅವ್ವನ ಪಾಸ್‌ಬುಕ್ ಬೇಕು. ಏಳನೆಯದು ಹೀಗಿತ್ತು: ಮಗಳ ಚಿಕಿತ್ಸೆಗೆ ಯಾರೇ ಹಣ ಕಟ್ಟಿದ್ದರೂ ಅದರ ರಸೀದಿ. ನ್ಯಾಯಾಧೀಶರು ಒಬ್ಬ ಮೆಲುದನಿಯ ಹೆಣ್ಣುಮಗಳು. "ನೀವೂ ಅವರಿಂದ ಕಾಗದ ಕೇಳಬಹುದು ಅಮ್ಮ. ಸಂಬಳದ್ದು, ಬ್ಯಾಂಕಿನದ್ದು. ಬರೆದುಕೊಡಿ," ಎಂದರು. ಬರೆಯುವ ಕೆಲಸ ನನಗೆ ಬಂತು. ಪರೀಕ್ಷೆಯ ಉತ್ತರಪತ್ರಿಕೆ ಬರೆಯುವವಳ ಹಾಗೆ ಎರಡು ಬಣ್ಣದ ಪೆನ್ನು ಹಿಡಿದು, ಸ್ಕೇಲಿನಿಂದ ಅಂಚು ಎಳೆದು, ತಲೆಬರಹದ ಕೆಳಗೆ ಎರಡೆರಡು ಗೆರೆ ಹಾಕಿ ಬರೆದೆ. ಕೊನೆಗೆ ಅಭ್ಯಾಸಬಲದಿಂದ ಹಾಜರಿ ಸಂಖ್ಯೆಯನ್ನೂ ಬರೆದು ಹೊಡೆದುಹಾಕಿದೆ. ನಾವು ಕೊಡಬೇಕಾದ ಕಾಗದಗಳಿಗೂ ಅದೇ ಠೀವಿಯಲ್ಲಿ ಪಟ್ಟಿ ಮಾಡಿದೆ, ಇಪ್ಪತ್ತೆರಡು ಆದವು. ಅವನ್ನು ಹೊಂದಿಸಿ ಕಟ್ಟುವ ಕೆಲಸ ತನಗಿರಲಿ ಎಂದು ಅವ್ವ ಟ್ರಂಕಿನ ಮುಂದೆ ಕುಳಿತಳು.

ಕೊಡುವ ದಿನ ಕೋರ್ಟಿಗೆ ಹೋದಾಗಲೇ ನಾನು ಅವ್ವನ ಕಟ್ಟು ನೋಡಿದ್ದು. ಎಲ್ಲಾ ಕಾಗದಗಳಿಗೂ ಲ್ಯಾಮಿನೇಷನ್ ಆಗಿತ್ತು. ಖರ್ಚು ಉಳಿಸಲು ಎರಡೆರಡು ಕಾಗದ ಬೆನ್ನಿಗೆ ಬೆನ್ನು ಹಚ್ಚಿ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಸಿದ್ದಳು. ಮೊಹರು ಕೈಯಲ್ಲಿ ಹಿಡಿದಿದ್ದ ಶಿರಸ್ತೇದಾರರು ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ಏನ್ರೀ ಬಾಯಿ ಇದು? ಶಿಕ್ಕಾ ಎಲ್ಲಿ ಹೊಡೀಬೇಕ್ ನಾ?"

"ಮಳಿ ನೀರಿಗಿ ಹಾಳಾಗಬಾರ್ದಂತ ಮಾಡಿಸೀನ್ರಿ."

"ಕೋರ್ಟಿನ ಒಳಗ ಮಳಿ ಬರ್ತದೇನ್ರಿ? ಹನ್ನೆರಡಕ್ಕ ಕರೀತಾರ. ಅಷ್ಟ್ರಾಗ ಎಲ್ಲಾ ಬಿಚ್ಚಿ ತರ್ರಿ."

ನಾವು ವರಾಂಡದ ನೆಲದ ಮೇಲೆ ಕುಳಿತೆವು. ಹೊಲಿಗೆ ಬಿಚ್ಚುವ ಬ್ಲೇಡು ಅವ್ವನ ಪರ್ಸಿನಲ್ಲಿ ಯಾವಾಗಲೂ ಇರುತ್ತಿತ್ತು. ಅವಳು ಅಂಚು ಕೊಯ್ದು ಕೊಡುವುದು, ನಾನು ಪ್ಲಾಸ್ಟಿಕ್ ಎಳೆಯುವುದು. ಬಿಸಿಲು ಕಂಬಗಳ ನಡುವಿನಿಂದ ಬಂದು ನಮ್ಮ ಮಡಿಲಲ್ಲಿ ಬೀಳುತ್ತಿತ್ತು, ಅದರೊಳಗೆ ಧೂಳು ಮೇಲಕ್ಕೂ ಹೋಗದೆ ಕೆಳಕ್ಕೂ ಇಳಿಯದೆ ತೇಲುತ್ತಿತ್ತು. ದೂರದಲ್ಲಿ ಯಾರದೋ ಹೆಸರು ಮೂರು ಮೂರು ಸಲ ಕೂಗುತ್ತಿದ್ದರು. ಪ್ಲಾಸ್ಟಿಕ್ಕಿನ ಜೊತೆ ಕಾಗದದ ಮೇಲ್ಪದರವೂ ಅಕ್ಷರಗಳೂ ಕಿತ್ತುಬರುತ್ತಿದ್ದವು. ಔಷಧ ಅಂಗಡಿಯ ಬಿಲ್ಲುಗಳಂತೂ ಯಂತ್ರದ ಕಾವಿಗೆ ಮೊದಲೇ ಪೂರಾ ಕಪ್ಪಾಗಿಹೋಗಿದ್ದವು. ಹೀಗೇ ಆದರೆ ಕೊಡಲು ಏನೂ ಉಳಿಯುವುದಿಲ್ಲ, ಬೀದರೂ ಇಲ್ಲ, ವಿಜ್ಞಾನವೂ ಇಲ್ಲ ಎಂದು ನನಗೆ ಅಳು ಬರುವ ಹಾಗಾಯಿತು.

ಒಂದು ಚೀಲ ಉಳಿದವಕ್ಕಿಂತ ದಪ್ಪವಿತ್ತು. ಅವ್ವ ಅದನ್ನು ಕೊನೆಗೆಂದು ಪಕ್ಕಕ್ಕೆ ಸರಿಸುತ್ತಲೇ ಇದ್ದಳು. ನಾನು ಕಿತ್ತುಕೊಂಡು ಕೊಯ್ದೆ. ಎರಡು ಶಾಲಾ ರಸೀದಿಗಳ ನಡುವೆ ಮೂರನೆಯದೊಂದು ಕಾಗದವಿತ್ತು. ಅಂಟು ತಾಗದ ಕಾರಣ ಅದೊಂದೇ ಹರಿಯದೆ ನನ್ನ ಅಂಗೈಗೆ ಜಾರಿತು. ದವಾಖಾನೆಯ ಕೈಬರಹದ ರಸೀದಿ. ನನ್ನ ಹೆಸರು, ವಯಸ್ಸು ಆರು. ಹಣ ಕಟ್ಟಿದವರು ಎಂಬಲ್ಲಿ ಅಪ್ಪನ ಹೆಸರು, ಪಕ್ಕದಲ್ಲಿ 'ತಂದೆ' ಎಂದು.

ಇಲ್ಲಿ ನಿಮಗೆ ನನ್ನದೊಂದು ಕನಸು ಹೇಳಬೇಕು. ಆರು ವರ್ಷದವಳಿದ್ದಾಗ ನನಗೆ ಭಾರೀ ಜ್ವರ ಬಂದು ಬೀದರಿನ ದವಾಖಾನೆಯಲ್ಲಿ ಮಲಗಿಸಿದ್ದರು. ಆಗ ಕಂಡ ಕನಸು. ನನ್ನ ಮಂಚ ಸಣ್ಣಗೆ ಕಿರುಗುಡುತ್ತಾ ತೂಗುತ್ತಿದೆ. ಯಾರೋ ಸ್ಟೂಲಿನ ಮೇಲೆ ಕುಳಿತು, ಮಂಚಕ್ಕೆ ಒತ್ತಿದ ಮೊಣಕಾಲನ್ನು ಒಂದೇ ಸವನೆ ಅಲುಗಿಸುತ್ತಾ ಮೋಸಂಬಿ ಸುಲಿಯುತ್ತಿದ್ದಾರೆ. ಒಂದೊಂದೇ ತೊಳೆ ನನ್ನ ತುಟಿಗೆ ಬರುತ್ತದೆ. ಮುಖ ಮಾತ್ರ ಬೆಳಕಿನಲ್ಲಿ ಕರಗಿಹೋಗಿದೆ. ಕಣ್ಣು ತೆರೆದಾಗ ಸ್ಟೂಲು ಖಾಲಿ. ಎಷ್ಟೋ ವರ್ಷ ಈ ಕನಸನ್ನು ಅವ್ವನಿಗೆ ಮತ್ತೆ ಮತ್ತೆ ಹೇಳುತ್ತಿದ್ದೆ. ಅವ್ವ ಯಂತ್ರ ತುಳಿಯುತ್ತಲೇ, "ಜ್ವರದಾಗ ಏನೇನೋ ಕಾಣ್ತಾವ ಬಿಡು," ಎನ್ನುತ್ತಿದ್ದಳು.

"ಅವ್ವ, ಅಪ್ಪ ಬಂದಿದ್ದನೇನು?"

"ಬಂದಿದ್ದ."

"ಮತ್ತ ಕನಸಂತ ಯಾಕ ಅಂದಿ?"

ಅವ್ವ ಪ್ಲಾಸ್ಟಿಕ್ ಚೂರುಗಳನ್ನು ಸೆರಗಿಗೆ ಗುಡ್ಡೆ ಮಾಡಿಕೊಳ್ಳುತ್ತಿದ್ದಳು. ತಲೆ ಎತ್ತಲಿಲ್ಲ. "ಅವರು ಕೇಳ್ಯಾರ, ಇಟ್ಟುಕೊಂಡ್ರ ಕಳ್ಳತನ ಆಗ್ತದ. ಕೊಟ್ರ ನಾ ಬರೆಸಿದ್ದು ಸುಳ್ಳಾಗ್ತದ. ನಿನ್ನ ಕಾಲೇಜು ಹೋಗ್ತದ. ಅದಕ್ಕ ನಡುವ ಇಟ್ಟಿದ್ದೆ. ಈಗ ನಿನ್ನ ಕೈಯಾಗದ. ನೀನೇ ನೋಡು."

ನನಗೆ ಅವ್ವನ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ಪಟ್ಟಿ ತೆಗೆದು ಇಪ್ಪತ್ಮೂರನೆಯದೆಂದು ಆ ರಸೀದಿಯನ್ನು ಬರೆದೆ. ಸತ್ಯವಂತಳಾಗಿ ಬರೆದೆ ಎಂದು ಹೇಳಿಕೊಂಡರೆ ನಿಮಗೆ ಸುಳ್ಳು ಹೇಳಿದಂತಾಗುತ್ತದೆ. ಅವ್ವನಿಗೆ ನೋವಾಗಲಿ ಎಂದೇ ಬರೆದೆ. ಅಷ್ಟೂ ಕಾಗದವನ್ನು ಶಿರಸ್ತೇದಾರರ ಮೇಜಿನ ಮೇಲಿಟ್ಟು ಬಂದೆ.

ಹನ್ನೆರಡಕ್ಕೆ ನಮ್ಮನ್ನು ಕರೆದಾಗ, ಅಪ್ಪನ ಪಕ್ಕ ನಿಂತಿದ್ದ ಅವನ ವಕೀಲರಿಗೆ ಹಬ್ಬವಾಯಿತು. ಅರ್ಜಿಯ ಸಾಲನ್ನು ಒಮ್ಮೆ, ರಸೀದಿಯನ್ನು ಒಮ್ಮೆ ಗಟ್ಟಿಯಾಗಿ ಓದಿದರು. ನ್ಯಾಯಾಧೀಶರು ಅವ್ವನ ಕಡೆ ನೋಡಿದರು. "ಒಂದು ಪೈಸೆಯೂ ಕೊಟ್ಟಿಲ್ಲ ಅಂತ ಬರೆದಿದ್ದೀರಲ್ಲ ಅಮ್ಮ?"

"ತಪ್ಪ ಆಗ್ಯದರಿ. ಜ್ವರದಾಗ ಮಗಳು ಕೈಬಿಟ್ಟ ಹೋಗ್ತಾಳಂತ ಅಂಜಿ ನಾನೇ ಫೋನ್ ಮಾಡಿಸಿದ್ದೆ. ಬಂದಿದ್ದರ್ರಿ. ಕಟ್ಟ್ಯಾರ."

ನನ್ನ ಸಿಟ್ಟೆಲ್ಲ ಇಳಿದು, ಈಗ ಎಲ್ಲಾ ಮುಗಿಯಿತು, ನಾನೇ ಕೈಯಾರೆ ಮುಗಿಸಿದೆ ಎಂದುಕೊಂಡೆ. ನ್ಯಾಯಾಧೀಶರು ಪಟ್ಟಿಯ ಮೇಲೆ ಕಣ್ಣಾಡಿಸಿ ಅಪ್ಪನತ್ತ ತಿರುಗಿದರು.

"ನಿಮಗೆ ಅನುಕೂಲವಾಗೋ ಕಾಗದವನ್ನೂ ಇವರು ತಂದುಕೊಟ್ಟಿದ್ದಾರೆ. ಇವರು ಕೇಳಿದ ಸಂಬಳದ ಕಾಗದ ಎಲ್ಲಿ?"

ಅಪ್ಪ ಕೂಲಿಯವನೆಂದು, ಸಂಬಳವೆಂಬುದೇ ಇಲ್ಲವೆಂದು ಅವನ ವಕೀಲರು ಬರೆದುಕೊಟ್ಟಿದ್ದರು. ವಕೀಲರು ಬಾಯಿ ತೆರೆಯುವುದರೊಳಗೆ ಅಪ್ಪನೇ ಹೇಳಿದ, "ಕಾಗದ ಅವ ರೀ. ಮುಂದಿನ ತಾರೀಖಿಗಿ ತರ್ತೇನ್ರಿ." ಅವನ ಕಣ್ಣು ಮಾತ್ರ ಮೇಜಿನ ಮೇಲಿನ ಆ ರಸೀದಿಯ ಮೇಲೇ ಇತ್ತು.

ಮುಂದಿನ ತಾರೀಖಿಗೆ ನಾವು ಹೋಗುವಷ್ಟರಲ್ಲಿ ಅಪ್ಪ ವರಾಂಡದ ಬೆಂಚಿನ ಮೇಲೆ ಒಬ್ಬನೇ ಕುಳಿತಿದ್ದ. ಮಿಲ್ಲಿನ ಶಿಕ್ಕಾ ಇದ್ದ ಕಾಗದಗಳು ಕೈಯಲ್ಲಿದ್ದವು. ಅವನ ಮೊಣಕಾಲು ಒಂದೇ ಸವನೆ ಅಲುಗುತ್ತಿತ್ತು, ಬೆಂಚು ಕಿರುಗುಡುತ್ತಿತ್ತು. ನಾನು ಅಲ್ಲೇ ನಿಂತುಬಿಟ್ಟೆ. ಅವ್ವ ನೀರು ಹಿಡಿಯುವ ನೆಪದಲ್ಲಿ ನಳದ ಕಡೆ ಹೋದಳು.

"ಆರಾಮ ಇದ್ದಿ ಏನು?" ಎಂದ ಅಪ್ಪ.

"ಹ್ಞೂಂ."

"ಪಟ್ಟಿ ನೀನೇ ಬರ್ದಿದ್ದಿಯಂತ. ಅಕ್ಷರ ಚಲೋ ಅವ." ಸ್ವಲ್ಪ ತಡೆದು, "ದವಾಖಾನಿದಾಗ ಮೋಸಂಬಿ ಸುಲದ್ ಕೊಟ್ಟಿದ್ದೆ. ನೆನಪದ ಏನ್ ನಿಂಗ?"

ಅವ್ವ ನಮಗೆ ಬೆನ್ನು ಮಾಡಿ ನಿಂತಿದ್ದಳು. ಬಾಟಲಿ ತುಂಬಿ ನೀರು ಅವಳ ಕಾಲ ಮೇಲೆ ಸುರಿಯುತ್ತಿತ್ತು.

"ಇಲ್ಲ," ಎಂದೆ.

ನಾವು ಕೇಳಿದಷ್ಟು ಕೋರ್ಟು ಹೆಚ್ಚಿಸಲಿಲ್ಲ. ಹೆಚ್ಚಿಸಿದ್ದು ಹಾಸ್ಟೆಲ್ಲಿಗೆ ಸಾಕಾಯಿತು. ನನ್ನ ಓದು ಮುಗಿಯುವವರೆಗೆ ಒಂದು ತಿಂಗಳೂ ತಪ್ಪಲಿಲ್ಲ. ಅಪ್ಪ ಮಿಲ್ಲು ಬಿಟ್ಟು ಈಗ ಡಾಬಕಾದಲ್ಲೇ ಇದ್ದಾನೆ, ತೊಗರಿ ಬಿತ್ತುತ್ತಾನಂತೆ. ಯಾರದೋ ಮದುವೆಗಳಲ್ಲಿ ಎರಡು ಸಲ ದೂರದಿಂದ ಕಂಡಿದ್ದೆ. ಕೈ ಎತ್ತಿದ, ನಾನೂ ಎತ್ತಿದೆ, ಅಷ್ಟೆ. ಬಂದವನು ಮಗಳು ಕಣ್ಣು ತೆರೆಯುವವರೆಗಾದರೂ ಇರಬಾರದಿತ್ತೇ ಎಂಬ ಒಂದು ಮುಳ್ಳು ನನ್ನೊಳಗೆ ಉಳಿದುಬಿಟ್ಟಿತ್ತು.

ಇವತ್ತು ಝೆರಾಕ್ಸ್ ಅಂಗಡಿಯಲ್ಲಿ ನನ್ನ ಸರದಿ ಬಂದು, ನಕಲು ತೆಗೆಸಿ ಹೊರಗೆ ಬಂದೆ. ಮೆಟ್ಟಿಲ ಮೇಲೆ ಕುಳಿತು ಅವ್ವನಿಗೆ ಫೋನು ಹಚ್ಚಿದೆ.

"ಅವ್ವ, ಅವತ್ತು ದವಾಖಾನಿದಾಗ, ಅಪ್ಪ ಯಾವಾಗ ಹೋದ?"

ಆ ಕಡೆ ಹೊಲಿಗೆ ಯಂತ್ರ ನಿಂತಿತು.

"ಈಗ್ಯಾಕ ಅದು?"

"ಸುಮ್ಮನ. ಹೇಳು."

"ಸಂಜಿ ಮುಂದ. ಜ್ವರ ಇಳದಿತ್ತು, ನೀ ಕಣ್ಣ ತೆರೀಲಾಕ ಹತ್ತಿದ್ದಿ. ಅವ ಸ್ಟೂಲ್ ಬಿಟ್ಟು ಏಳಲಿಲ್ಲ. ನಾನೇ ಎಬ್ಬಿಸಿ ಕಳಿಸ್ದೆ."

"ಯಾಕವ್ವ?"

"ನೀ ಕಣ್ಣ ತೆರದು ಅವನ ಮಾರಿ ನೋಡ್ತಿದ್ದಿ. ಮರುದಿನ, ಅಪ್ಪ ಎಲ್ಲಿ ಅಂತ ಕೇಳ್ತಿದ್ದಿ. ನಾ ಎಲ್ಲಿಂದ ತಂದು ಕೊಡಬೇಕಿತ್ತು?"

ಅದನ್ನು ಹೇಳುವಾಗ ಅವಳ ದನಿ ಒಡೆಯಿತು. ನನಗೂ ಕಣ್ಣಲ್ಲಿ ನೀರು ಬಂತು, ರಸ್ತೆಯಲ್ಲಿ ಹೋಗುವವರು ನೋಡಿದರೆ ನೋಡಲಿ ಎಂದುಕೊಂಡೆ. ಇಷ್ಟು ವರ್ಷ ಅವನು ಎದ್ದುಹೋದ ಎಂದು ಅವನ ಮೇಲೆ, ಮುಚ್ಚಿಟ್ಟಳು ಎಂದು ಇವಳ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆ. ಈಗ ಇಬ್ಬರ ಮೇಲೂ ಸಿಟ್ಟಾಗಲು ಆಗಲಿಲ್ಲ.

"ಅವ್ವ, ನಾ ಇವತ್ತ ಡಾಬಕಾಕ್ಕ ಹೋಗಿ ಬರ್ತೇನಿ."

ಆ ಕಡೆ ಯಂತ್ರ ನಾಲ್ಕು ಹೊಲಿಗೆ ಓಡಿ ಮತ್ತೆ ನಿಂತಿತು.

"ಔರಾದಕ್ಕ ಈಗ ಬಸ್ ಅದ, ಲಗೂ ಹೋಗು," ಎಂದಳು. ಆಮೇಲೆ, "ಹೊತ್ತಾದ್ರ ಅಲ್ಲೇ ಇರು," ಎಂದಳು.