ಪಾರ್ವತವ್ವನ ಮಹಡಿಯ ಎರಡು ಕೋಣೆ

ಬಾಡಿಗೆ ಮನೆ ಬೇಕೆಂದರೆ ಗೇಟಿಗೆ ತೂಗುಹಾಕಿದ ಬೋರ್ಡು ಓದುತ್ತ ಓಣಿ ಓಣಿ ಅಲೆಯಬೇಕಿದ್ದ ಕಾಲ ಅದು. ನನಗೆ ಹತ್ತು ವರ್ಷ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಮಂಚಿಕೇರಿ ಬಿಟ್ಟು, ಶಿರಸಿಯಲ್ಲಿ ಹೊಲಿಗೆ ಮಾಡಿ ನನ್ನನ್ನು ಓದಿಸುವುದೆಂದು ಹೊರಟಿದ್ದಳು. ಬಟ್ಟೆ ಅಂಗಡಿಯೊಂದು ಶಾಲೆಯ ಯೂನಿಫಾರ್ಮ್ ಹೊಲಿಯಲು ಕೊಡುತ್ತೇನೆಂದಿತ್ತು. ಮನೆ ಮಾತ್ರ ಸಿಗಲಿಲ್ಲ. "ಯಜಮಾನ್ರು ಎಲ್ಲಿದ್ದಾರೆ?" ಎಂದು ಕೇಳಿ, ಉತ್ತರ ಸಿಕ್ಕೊಡನೆ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಐದನೆಯ ಮನೆ ಪಾರ್ವತವ್ವನದು. ಬನವಾಸಿ ಕಡೆಯ ಮುದುಕಿ, ಕೆಳಗೆ ಒಬ್ಬಳೇ ಇದ್ದಳು. ಮಹಡಿಯಲ್ಲಿ ಎರಡು ಕೋಣೆ, ನಮ್ಮ ಕೈಗೆಟಕುವ ಬಾಡಿಗೆ. ಅಪ್ಪನ ವಿಷಯ ಕೇಳಿಯೂ ಆಕೆ ಬಾಗಿಲು ಹಾಕಿಕೊಳ್ಳಲಿಲ್ಲ. ಹೊಲಿಗೆ ಮಷೀನು ಎಂದದ್ದೇ ತಲೆ ಅಲ್ಲಾಡಿಸಿದಳು.

"ಮಷೀನ್ ಬ್ಯಾಡ್ರಿ. ಮಧ್ಯಾಹ್ನ ನನಗ ನಿದ್ದಿ ಬೇಕು."

"ಎರಡರಿಂದ ನಾಲ್ಕರವರೆಗೆ ಮುಟ್ಟೂದಿಲ್ಲ ಅಜ್ಜಿ. ಒಂದು ತಿಂಗಳು ನೋಡಿ. ಆಗ್ಲಿಲ್ಲ ಅಂದ್ರೆ ನಾನೇ ಸಾಮಾನು ಇಳಿಸ್ತೆ," ಎಂದಳು ಅಮ್ಮ. ದನಿಯಲ್ಲಿ ಅಂಗಲಾಚುವಿಕೆ ಇರಲೇ ಇಲ್ಲ.

ಪಾರ್ವತವ್ವ ಬಾಗಿಲಿನಿಂದ ಪಕ್ಕಕ್ಕೆ ಸರಿದು, "ಬರ್ರಿ," ಎಂದಳು.

ಆ ಮೇ ತಿಂಗಳಿಡೀ ಕೋಣೆ ತುಂಬ ಹೊಸ ಬಟ್ಟೆಯ ಗಂಜಿ ವಾಸನೆ, ಮಷೀನಿನ ಎಣ್ಣೆ ವಾಸನೆ. ಎರಡು ಹೊಡೆದೊಡನೆ ಅಮ್ಮ ಮಷೀನು ಬಿಟ್ಟು ಸೂಜಿ ಹಿಡಿಯುತ್ತಿದ್ದಳು. ನಾನು ಕಲ್ಲಾಟ ಆಡುವಾಗಲೂ ಸಪ್ಪಳವಾಗದಂತೆ ಕೌದಿ ಹಾಸಿಕೊಳ್ಳುತ್ತಿದ್ದೆ.

ಶಾಲೆ ಶುರುವಾಗಲು ಎರಡೇ ದಿನ ಉಳಿದಿತ್ತು. ಅಂಗಿಗಳ ರಾಶಿಯೇ ಬಾಕಿ. ನಾಳೆ ಸಂಜೆಯೊಳಗೆ ಬರದಿದ್ದರೆ ಮುಂದೆ ಕೆಲಸವಿಲ್ಲ ಎಂದು ಅಂಗಡಿಯವರು ಹೇಳಿಕಳಿಸಿದ್ದರು. ಗಂಟೆ ಎರಡಾಯಿತು.

"ಅಮ್ಮಾ, ಇವತ್ತೊಂದಿನ ಮಷೀನ್ ತುಳಿಯೇ," ಎಂದೆ ಅಳುದನಿಯಲ್ಲಿ.

"ಮಾತು ಅಂದ್ರೆ ಮಾತು. ಎಂತಕ್ಕೆ ಹೆದರಿಕೆ? ಆ ಗುಂಡಿ ಡಬ್ಬಿ ಕೊಡು."

ಮೆಟ್ಟಿಲ ಮೇಲೆ ಏದುಸಿರು ಕೇಳಿತು. ಪಾರ್ವತವ್ವ ಮೊದಲ ಸಲ ಮೇಲೆ ಹತ್ತಿ ಬಂದಿದ್ದಳು, ಕೈಯಲ್ಲಿ ರೊಟ್ಟಿ ಮತ್ತು ಎಣ್ಣೆಗಾಯಿ. ಅಂಗಿಗಳನ್ನು ನೋಡಿದಳು, ಸೂಜಿ ಚುಚ್ಚಿ ಊದಿದ್ದ ಅಮ್ಮನ ಬೆರಳು ನೋಡಿದಳು. ತಟ್ಟೆ ನನ್ನ ಮುಂದಿಟ್ಟು, ಚಾಪೆಯ ಮೇಲೆ ಕೂತು ಕನ್ನಡಕ ಏರಿಸಿದಳು.

"ಗುಂಡಿ ಹಚ್ಚೂದು ನನಗೂ ಬರ್ತೈತಿ. ನೀ ಮಷೀನ್ ತುಳಿ, ತಂಗಿ."

"ನಿಮ್ಮ ನಿದ್ದೆ?"

"ನಾಳೆ ಮಲಗ್ತೀನಿ."

ಮರುದಿನ ಸಂಜೆಯೊಳಗೆ ಅಂಗಿಗಳೆಲ್ಲ ಅಂಗಡಿ ಸೇರಿದವು. ಆ ಮಹಡಿಯಲ್ಲಿ ನಾವು ಹನ್ನೊಂದು ವರ್ಷ ಇದ್ದೆವು.

ಈಗ ಆ ಜಾಗದಲ್ಲಿ ನಾಲ್ಕಂತಸ್ತಿನ ಕಟ್ಟಡ. ಈಚೆಗೆ ಅದರಲ್ಲೇ ಎರಡನೆಯ ಮಹಡಿಯಲ್ಲಿ ಮನೆ ಹಿಡಿದೆ. ಫೋಟೊ ಮೊಬೈಲಿಗೆ ಬಂತು, ಅಡ್ವಾನ್ಸ್ ಮೊಬೈಲಿನಲ್ಲೇ ಹೋಯಿತು. ಒಬ್ಬಳೇ ಹೆಣ್ಣು ಎಂದು ಯಾರೂ ಬಾಗಿಲು ಹಾಕಿಕೊಳ್ಳಲಿಲ್ಲ. ಅಷ್ಟು ಒಳ್ಳೆಯದೇ ಆಗಿದೆ. ಆದರೆ ಬಂದು ಮೂರು ತಿಂಗಳಾಯಿತು, ಕೆಳಗಿನ ಮನೆಯವರ ಹೆಸರು ನನಗಿನ್ನೂ ಗೊತ್ತಿಲ್ಲ.