ಏರಿನಲ್ಲಿ ಬಸ್ಸಿನ ಹಿಂದೆ

೧೯೭೧ರಲ್ಲಿ, ಏಳನೇ ಕ್ಲಾಸಿಗೆ, ಶಾಲೆ ಬಿಟ್ಟೆ. ಬಿಡಿಸಿದರು ಅಂತ ಯಾರಾದರೂ ಹೇಳಿದರೆ ಸುಳ್ಳು, ನಾನೇ ಬಿಟ್ಟದ್ದು. ಕೆಲವು ವರ್ಷ ಕೂಲಿ ಮಾಡಿ, ಆಮೇಲೆ ಕೊಪ್ಪದಿಂದ ಶೃಂಗೇರಿಗೆ ಹೋಗುವ ಬೆಳಗಿನ ಬಸ್ಸಿಗೆ ಕ್ಲೀನರ್ ಆದೆ.

ಜಯಪುರ ದಾಟಿದ ಮೇಲೆ ಒಂದು ಏರು. ತುಂಬಿದ ಬಸ್ಸು ಅಲ್ಲಿ ಗೇರು ಬದಲಿಸುವಾಗ ಹಿಂದಕ್ಕೆ ಜಾರುತ್ತಿತ್ತು. ನಾನು ಮರದ ತುಂಡು ಹಿಡಿದು ಕೆಳಗೆ ಹಾರಿ ಹಿಂದಿನ ಚಕ್ರಕ್ಕೆ ಅಡ್ಡ ಕೊಡಬೇಕು. ಹೊರಟ ಬಸ್ಸು ಏರು ಮುಗಿಯುವ ತನಕ ನನಗಾಗಿ ನಿಲ್ಲುವ ಹಾಗಿಲ್ಲ. ತುಂಡು ಎತ್ತಿಕೊಂಡು ಓಡಿ ಬಸ್ಸಿನ ಹಿಂದಿನ ಏಣಿ ಹಿಡಿಯಬೇಕು. ಮಂಜಿನಲ್ಲಿ ಬಸ್ಸು ಕಾಣುತ್ತಿರಲಿಲ್ಲ, ಸದ್ದು ಮಾತ್ರ. ಆ ಸದ್ದಿನ ಹಿಂದೆ ಓಡುವಾಗ ಕಾಲು ನೆಲ ಮುಟ್ಟುತ್ತಿದೆಯೋ ಇಲ್ಲವೋ ನನಗೇ ತಿಳಿಯುತ್ತಿರಲಿಲ್ಲ.

ಒಂದು ಮಳೆಗಾಲದ ಕೊನೆಗೆ ಏಣಿಯಿಂದ ಜಾರಿ ಬಲ ಮೊಣಕಾಲು ಊದಿತು. ಎರಡು ತಿಂಗಳು ಚಾಪೆಯ ಮೇಲೆ. ಕಣ್ಣು ಮುಚ್ಚಿದರೆ ಸಾಕು, ಓಡುತ್ತಿದ್ದೆ. ಡೀಸೆಲ್ ವಾಸನೆ ಕೂಡ ಬರುತ್ತಿತ್ತು. ಎದ್ದರೆ ನೋವು. ಅಷ್ಟರಲ್ಲಿ ಬದಲಿ ಕ್ಲೀನರ್ ಬಂದಿದ್ದ. "ಒಂದು ದಿನ ಓಡಿ ತೋರಿಸು, ಆಗದಿದ್ದರೆ ಅವನೇ ಇರಲಿ" ಎಂದು ಬಸ್ಸಿನ ಮಾಲೀಕರು ಹೇಳಿ ಕಳಿಸಿದರು.

ಕೊಯ್ಲು ಮುಗಿದ ಗದ್ದೆಗಳಲ್ಲಿ ಬೆಳಿಗ್ಗೆ ಬೆಳಿಗ್ಗೆ ಓಡಿದೆ. ಮೇಲಕ್ಕೆ ಓಡಿದರೆ ಮೊಣಕಾಲು ಸುಮ್ಮನಿರುತ್ತಿತ್ತು. ಇಳಿಯುವಾಗ ಒಳಗೆ ಮುಳ್ಳು ಮುರಿದ ಹಾಗೆ. ಹಾಗಾಗಿ ಓಡಿ ಹತ್ತುವುದು, ನಡೆದು ಇಳಿಯುವುದು. ಹಾರುವುದಂತೂ ಆಗಲಿಲ್ಲ. ಅದನ್ನು ಯಾರಿಗೂ ಹೇಳಲಿಲ್ಲ.

ಡ್ರೈವರ್ ಸಾಬರು ವಯಸ್ಸಾದವರು. ನಾನು ಓಡಿ ತೋರಿಸಬೇಕಾದ ದಿನ ಏರಿನ ಬುಡದಲ್ಲೇ ಬಸ್ಸು ನಿಲ್ಲಿಸಿದರು.

"ಇಲ್ಲೇ ಇಳಿ ಮಾರಾಯ. ಹಾರೋದು ಬೇಡ, ಪಕ್ಕದಲ್ಲಿ ಓಡು."

"ನಾನೇನು ಮುದುಕನಾ ಸಾಬ್ರೆ?"

"ಮುದುಕ ನಾನು. ಅದಕ್ಕೇ ಕೂತಿದೀನಿ. ನೀನು ಓಡು."

ಬಸ್ಸಿನವರೆಲ್ಲ ನಕ್ಕರು. ಮುಖ ಬಿಗಿದುಕೊಂಡು ಇಳಿದೆ. ನಡುವೆ ಬಸ್ಸು ಜಾರಿತು, ತುಂಡು ಕೊಟ್ಟೆ, ಬಸ್ಸು ಹೊರಟಿತು. ಹಿಂದೆ ಓಡಿದೆ. ಎರಡನೇ ತಿರುವಿನಲ್ಲಿ ಮೊಣಕಾಲು ಹಿಡಿದುಕೊಂಡಿತು. ಹಲ್ಲು ಕಚ್ಚಿ ಓಡುವ ಜಾತಿ ನನ್ನದು. ಆದರೆ ಆ ದಿನ ನಿಂತೆ. ತುಂಡು ಹೆಗಲಿಗಿಟ್ಟು ನಡೆದೆ. ಕೆಲಸ ಹೋಯಿತು ಅಂದುಕೊಂಡೆ. ಬಿಳಿ ಮಂಜಿನೊಳಗೆ ಸದ್ದು ದೂರವಾಗುತ್ತಾ ಹೋಗಿ, ಎಲ್ಲೋ ಒಂದು ಕಡೆ ಮುಂದೆ ಹೋಗದೆ ಅಲ್ಲೇ ಕೇಳುತ್ತಾ ಉಳಿಯಿತು.

ಏರಿನ ತುದಿಯಲ್ಲಿ ಬಸ್ಸು ಕಾಯುತ್ತಿತ್ತು.

"ದಿನಾ ಹೀಗಾದ್ರೆ ಶೃಂಗೇರಿಗೆ ಲೇಟಾಗ್ತದೆ," ಅಂದ ಕಂಡಕ್ಟರ್.

"ನಾಳೆಯಿಂದ ಕೊಪ್ಪ ಐದು ನಿಮಿಷ ಮುಂಚೆ ಬಿಡಾಣ," ಅಂದರು ಸಾಬರು. "ಮಾಲೀಕರಿಗೆ ನಾನು ಹೇಳ್ತೀನಿ. ನೀನು ಬಸ್ಸು ಹತ್ತು ಮಾರಾಯ."

ಈಗ ನನಗಿರುವುದು ಸ್ವಂತದ್ದೊಂದು ಬಸ್ಸು, ನರಸಿಂಹರಾಜಪುರದಲ್ಲಿ ಹೆಂಚಿನ ಮನೆ, ಹೆಂಡತಿ, ಮೂವರು ಮಕ್ಕಳು, ಎರಡು ಎಮ್ಮೆ.